ಯಾರ ಕೈಯ ಅಳತೆಗೆ?

ನಮ್ಮಲ್ಲಿ ಕವಿತೆಗೆ ವಿಮರ್ಶೆಯಿದೆ, ಕಾದಂಬರಿಗಿದೆ, ನಾಟಕ ಸಿನಿಮಾಗಳಿಗಿದೆ. ಸಂಗೀತ ಕಛೇರಿ ಮುಗಿದ ಮರುದಿನ ಗಾಯಕರ ಧ್ವನಿ ಎಲ್ಲಿ ಬಳಲಿತು, ಮೃದಂಗ ಎಲ್ಲಿ ಜೋರಾಯಿತು ಎಂದು ಬರೆಯುವವರಿದ್ದಾರೆ. ಆದರೆ ದಿನಕ್ಕೆ ಇಪ್ಪತ್ತು ಸಲ ಕೈಯಲ್ಲಿ ಹಿಡಿಯುವ ಇಕ್ಕಳದ ಬಗ್ಗೆ, ಮುಚ್ಚಿದರೆ ತೆರೆಯಲು ಬಾರದ ಡಬ್ಬಿಯ ಬಗ್ಗೆ, ಮಿಕ್ಸಿಯ ಜಾರಿನ ಬಗ್ಗೆ ಯಾರಾದರೂ ಹೀಗೆ ಕೂತು ಬರೆದದ್ದನ್ನು ನಾನು ಹೆಚ್ಚು ಕಂಡಿಲ್ಲ. ಅಂಗಡಿಯಾತ ಹೊಗಳುತ್ತಾನೆ, ಟೀವಿಯ ಜಾಹೀರಾತು ಹೊಗಳುತ್ತದೆ, ಮನೆಗೆ ತಂದ ಮೇಲೆ ನಾವು ಸಹಿಸಿಕೊಳ್ಳುತ್ತೇವೆ. ಈಚೆಗೆ ಫೋನಿನಲ್ಲಿ ನಕ್ಷತ್ರ ಕೊಡುವ ಪದ್ಧತಿ ಬಂದಿದೆ, ನಿಜ. ಅಲ್ಲಿ ಕಣ್ಣಾಡಿಸಿದರೆ ಪೊಟ್ಟಣ ತಡವಾಗಿ ಬಂತು, ಬಣ್ಣ ಚಿತ್ರದಲ್ಲಿದ್ದಂತಿಲ್ಲ ಎಂಬ ಮಾತುಗಳೇ ಬಹಳ. ಆರು ತಿಂಗಳು ಬಳಸಿದ ಮೇಲೆ ಆ ವಸ್ತು ಕೈಗೆ ಏನು ಮಾಡಿತು, ಸೊಂಟಕ್ಕೆ ಏನು ಮಾಡಿತು ಎಂದು ಹೇಳಲು ಆಗ ಯಾರಿಗೂ ಪುರುಸೊತ್ತಿರುವುದಿಲ್ಲ.

ಪುರುಸೊತ್ತಿಲ್ಲದ್ದೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ವಸ್ತುವಿನಲ್ಲಿ ತಪ್ಪಿರಬಹುದು ಎಂಬುದೇ ನಮಗೆ ಹೊಳೆಯುವುದಿಲ್ಲ. ಹಿಡಿ ಜಾರಿ ಬಿಸಿ ಪಾತ್ರೆ ಬಿದ್ದರೆ 'ನನ್ನ ಕೈಯೇ ಸರಿಯಿಲ್ಲ' ಎನ್ನುತ್ತೇವೆ. ಹೊಸ ವಾಷಿಂಗ್ ಮೆಷೀನು ಅರ್ಧಕ್ಕೆ ನಿಂತರೆ 'ನನಗೆ ಇವೆಲ್ಲ ತಿಳಿಯೋದಿಲ್ಲಪ್ಪ' ಎಂದು ಮಗನನ್ನು ಕೂಗುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯ ಹೆಂಗಸು ಕುಕ್ಕರಿನ ಮುಚ್ಚಳ ತೆಗೆಯುವಾಗ ಒಳಗೆ ಉಳಿದಿದ್ದ ಆವಿ ನುಗ್ಗಿ ಮುಂಗೈಯಿಂದ ಮೊಣಕೈವರೆಗೆ ಸುಟ್ಟುಕೊಂಡರು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಅಷ್ಟು ಅವಸರ ಯಾಕೆ ಮಾಡ್ಬೇಕಿತ್ತು?" ಆಕೆಯೂ ತಲೆಯಾಡಿಸಿ, "ಹೌದು, ಅವರಿಗೆ ಆಫೀಸಿಗೆ ಹೊತ್ತಾಗಿತ್ತು, ನಾನೇ ಅವಸರ ಮಾಡಿದೆ" ಎಂದರು. ಒಳಗೆ ಆವಿ ಇರುವಾಗ ತೆರೆಯಲು ಬರುವ ಮುಚ್ಚಳವನ್ನು ಮಾಡಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಈ ಸ್ವಭಾವ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲು, ಯಾವ ನಾಬ್ ತಿರುಗಿಸಿದರೆ ಯಾವ ಉರಿ ಹತ್ತುತ್ತದೆಂದು ಗೊತ್ತಾಗದ ಒಲೆ, ಇಂಥವೇ ಅವರ ವಿಷಯ. ಉರಿಗಳು ಚೌಕಾಕಾರದಲ್ಲಿ ನಾಲ್ಕು ಇರುತ್ತವೆ, ನಾಬ್‌ಗಳು ಮಾತ್ರ ಮುಂದೆ ಸಾಲಾಗಿ ನಿಂತಿರುತ್ತವೆ. ಹಿಂದಿನ ಉರಿಗೆ ಯಾವುದು, ಮುಂದಿನದಕ್ಕೆ ಯಾವುದು? ಗೊಂದಲವಾದಾಗ ಜನ ತಮ್ಮನ್ನೇ ದೂರಿಕೊಳ್ಳುತ್ತಾರೆ, ತಪ್ಪಿರುವುದು ವಸ್ತುವಿನ ವಿನ್ಯಾಸದಲ್ಲಿ ಎಂದರು ನಾರ್ಮನ್. ಮುಂದೆ 1990ರ ದಶಕದಲ್ಲಿ ಆಪಲ್ ಕಂಪನಿಯಲ್ಲಿದ್ದಾಗ ಅವರು 'ಯೂಸರ್ ಎಕ್ಸ್‌ಪೀರಿಯನ್ಸ್', ಅಂದರೆ ಬಳಸುವವರ ಅನುಭವ, ಎಂಬ ಮಾತನ್ನು ರೂಢಿಗೆ ತಂದರು. ಈಗ ಅದೊಂದು ದೊಡ್ಡ ಉದ್ಯೋಗವೇ ಆಗಿದೆ. ಬೆಂಗಳೂರಿನಲ್ಲಿ ನಮ್ಮ ಮಕ್ಕಳೇ ಅದರಲ್ಲಿ ಕೆಲಸ ಮಾಡುತ್ತಾರೆ. ಫೋನಿನ ಪರದೆಯ ಮೇಲೆ ಗುಂಡಿ ಎಲ್ಲಿರಬೇಕು, ಬಣ್ಣ ಯಾವುದಿರಬೇಕು ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರಂತೆ. ಅದೇ ಶ್ರದ್ಧೆ ನಮ್ಮ ಅಡುಗೆಮನೆಯ ಕಟ್ಟೆಗೂ ಬಂದಿದ್ದರೆ ಎಂದು ಆಸೆಯಾಗುತ್ತದೆ.

ಮನೆಬಳಕೆಯ ವಸ್ತುಗಳ ವಿಚಾರದಲ್ಲಿ ತೊಡಕು ಇರುವುದು ಇಲ್ಲಿ: ಮಾಡುವವರು ಒಬ್ಬರು, ದುಡ್ಡು ಕೊಡುವವರು ಒಬ್ಬರು, ಬಳಸುವವರು ಇನ್ನೊಬ್ಬರು. ರೈತ ತನ್ನ ನೇಗಿಲನ್ನು ಊರ ಬಡಗಿಯ ಹತ್ತಿರ ಮಾಡಿಸುವಾಗ ಮೇಣಿಯ ಎತ್ತರವನ್ನು ತನ್ನ ಸೊಂಟಕ್ಕೆ ಹಿಡಿದು ತೋರಿಸುತ್ತಿದ್ದ. ನಮ್ಮ ಅಡುಗೆಯ ಕಟ್ಟೆ ಕಟ್ಟುವಾಗ ಮೇಸ್ತ್ರಿ ಯಾರನ್ನು ಕೇಳುತ್ತಾನೆ? ತನಗೆ ರೂಢಿಯಾದ ಅಳತೆಗೆ ಕಲ್ಲು ಹಾಸಿಬಿಡುತ್ತಾನೆ. ಐದಡಿಗೂ ಕಡಿಮೆ ಎತ್ತರದ ಹೆಂಗಸು ಆಮೇಲೆ ಮೂವತ್ತು ವರ್ಷ ಭುಜ ಎತ್ತಿಕೊಂಡು ಚಪಾತಿ ಲಟ್ಟಿಸುತ್ತಾಳೆ, ಎತ್ತರದವಳು ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಳ್ಳುತ್ತಾಳೆ. ಕಟ್ಟೆ ನಿಂತವಳ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿದ್ದರೆ ಸಾಕು ಎಂಬ ಸಣ್ಣ ಲೆಕ್ಕ ಮನೆ ಕಟ್ಟುವ ದಿನ ಯಾರಿಗೂ ನೆನಪಾಗುವುದಿಲ್ಲ.

ಕುಕ್ಕರಿನ ಮಾತಿಗೇ ಬರೋಣ. ನಮ್ಮ ಕಾಲದ ಅಡುಗೆಯನ್ನು ಇದರಷ್ಟು ಬದಲಿಸಿದ ವಸ್ತು ಇನ್ನೊಂದಿಲ್ಲ. ಫ್ರಾನ್ಸಿನ ಡೆನಿ ಪಾಪಾಂ ಎಂಬ ವಿಜ್ಞಾನಿ 1679ರಲ್ಲೇ ಆವಿಯ ಒತ್ತಡದಿಂದ ಬೇಯಿಸುವ ಪಾತ್ರೆಯನ್ನು ಮಾಡಿ ತೋರಿಸಿದ್ದ. ಅದು ಸಿಡಿಯದಂತೆ ಒಂದು ಸುರಕ್ಷಾ ಕವಾಟವನ್ನೂ ಇಟ್ಟಿದ್ದ. ಅಂದರೆ ಹುಟ್ಟಿದ ದಿನದಿಂದಲೂ ಇದು ಹೆದರಿಸುವ ವಸ್ತುವೇ. ನಮ್ಮ ದೇಶದಲ್ಲಿ 1959ರ ಹೊತ್ತಿಗೆ ಮುಂಬೈಯಲ್ಲಿ ಹಾಕಿನ್ಸ್, ದಕ್ಷಿಣದಲ್ಲಿ ಟಿ.ಟಿ.ಕೆ.ಯವರ ಪ್ರೆಸ್ಟೀಜ್ ಕುಕ್ಕರುಗಳು ತಯಾರಾಗತೊಡಗಿದವು. ಇವೆರಡೂ ಹೆದರಿಕೆಯನ್ನು ಎದುರಿಸಿದ ಬಗೆ ಬೇರೆ ಬೇರೆ.

ಹಾಕಿನ್ಸ್‌ನ ಮುಚ್ಚಳ ಒಳಗಿನಿಂದ ಕೂರುವಂಥದು. ಒಳಗಿನ ಆವಿಯೇ ಅದನ್ನು ಬಾಯಿಯ ಅಂಚಿಗೆ ಒತ್ತಿ ಹಿಡಿಯುತ್ತದೆ. ಒತ್ತಡ ಇಳಿಯುವ ತನಕ ಎಷ್ಟು ಅವಸರ ಮಾಡಿದರೂ ತೆರೆಯಲು ಬರುವುದಿಲ್ಲ. ಇದನ್ನು ನಾನು ಸಭ್ಯ ವಿನ್ಯಾಸ ಎನ್ನುತ್ತೇನೆ. ಗಂಡನಿಗೆ ಆಫೀಸಿಗೆ ಹೊತ್ತಾಗುತ್ತದೆ, ಮಗುವಿನ ಶಾಲೆಯ ಬಸ್ಸು ಬರುತ್ತದೆ, ಅವಸರ ಆಗಿಯೇ ಆಗುತ್ತದೆ ಎಂದು ತಿಳಿದೇ ಮಾಡಿದ್ದು. ಆದರೆ ಅದಕ್ಕೂ ದಂಡ ತೆರಬೇಕು. ಮುಚ್ಚಳವನ್ನು ಓರೆಯಾಗಿ ಒಳಗೆ ಇಳಿಸಿ, ತಿರುಗಿಸಿ, ಎತ್ತಿ ಕೂರಿಸುವ ಉಪಾಯ ಕೈಗೆ ಬರುವ ತನಕ ಹೊಸದಾಗಿ ಕಲಿಯುವವರು ಒದ್ದಾಡುತ್ತಾರೆ. ಬಾಯಿ ಕಿರಿದಾದ್ದರಿಂದ ಒಳಗಿಡುವ ಪಾತ್ರೆಗಳೂ ಸಣ್ಣವೇ ಆಗಬೇಕು.

ಹೊರಮುಚ್ಚಳದ ಕುಕ್ಕರಿನಲ್ಲಿ ಅಗಲ ಬಾಯಿಯ ಸುಖವಿದೆ. ಅದರ ತೊಂದರೆ ಬಂದದ್ದು ಬೇರೆ ಕಡೆಯಿಂದ. ಒತ್ತಡ ಮಿತಿಮೀರಿದರೆ ಕರಗಿ ದಾರಿ ಬಿಡಬೇಕಾದ ಸೇಫ್ಟಿ ವಾಲ್ವ್ ಒಮ್ಮೆ ಹೋದರೆ, ಜನ ಪೇಟೆಯಲ್ಲಿ ಸಿಕ್ಕ ನಕಲಿಯನ್ನೇ ತಂದು ಹಾಕುತ್ತಿದ್ದರು. ಆ ನಕಲಿ ಬೇಕಾದಾಗ ಕರಗುತ್ತಿರಲಿಲ್ಲ, ಕುಕ್ಕರು ಸಿಡಿಯುತ್ತಿತ್ತು. 'ನಮ್ಮ ಅಸಲಿ ಭಾಗವನ್ನೇ ಕೊಳ್ಳಿ' ಎಂದು ಜಾಹೀರಾತು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಟಿ.ಟಿ. ಜಗನ್ನಾಥನ್ ಅವರು ಹಾಗೆ ಮಾಡದೆ, ಮುಚ್ಚಳದ ಅಂಚಿನಲ್ಲಿ ಒಂದು ಉದ್ದನೆಯ ಸೀಳು ಕೊಡಿಸಿದರು. ವಾಲ್ವ್ ಕೈಕೊಟ್ಟರೂ ಗ್ಯಾಸ್ಕೆಟ್ಟಿನ ಒಂದು ಭಾಗ ಆ ಸೀಳಿನಿಂದ ಹೊರಕ್ಕೆ ಉಬ್ಬಿ ಆವಿಗೆ ದಾರಿ ಬಿಡುತ್ತದೆ. ಈಗ ನಮ್ಮ ಮನೆಗಳ ಎಷ್ಟೋ ಕುಕ್ಕರುಗಳ ಮುಚ್ಚಳದಲ್ಲಿ ಆ ಸೀಳು ಇದೆ, ಎದ್ದು ನೋಡಿ. ನಾಲ್ಕು ಕಾಸು ಉಳಿಸಲು ನಕಲಿ ಸಾಮಾನು ತರುವವರು ಇದ್ದೇ ಇರುತ್ತಾರೆ, ಅವರಿಗೆ ಬುದ್ಧಿ ಹೇಳುವುದಕ್ಕಿಂತ ಅವರ ಜೀವ ಉಳಿಸುವುದು ಮುಖ್ಯ ಎಂಬ ತಿಳಿವಳಿಕೆ ಆ ಸೀಳಿನಲ್ಲಿದೆ. ಅದಕ್ಕೆ ತಗಲುವ ಖರ್ಚೋ, ತಗಡು ಕತ್ತರಿಸುವಷ್ಟು.

ಇನ್ನು ಕುಕ್ಕರಿನ ಕೂಗು. ಜೊತೆಗೆ ಬರುವ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ನಿಮಿಷಗಳ ಲೆಕ್ಕ ಕೊಟ್ಟಿರುತ್ತಾರೆ. ಪೂರ್ತಿ ಒತ್ತಡ ಬಂದ ಮೇಲೆ ಉರಿ ತಗ್ಗಿಸಿ, ಇಷ್ಟು ನಿಮಿಷ ಬಿಡಿ ಎಂದು. ನಮ್ಮಲ್ಲಿ ಎಷ್ಟು ಮಂದಿ ಗಡಿಯಾರ ನೋಡಿ ಬೇಳೆ ಬೇಯಿಸುತ್ತಾರೆ? ಅನ್ನಕ್ಕೆ ಮೂರು ಕೂಗು, ಬೇಳೆಗೆ ಐದು, ಕಡಲೆಕಾಳಿಗೆ ಏಳು. ಮಗಳಿಗೆ ಜಡೆ ಹಾಕುತ್ತ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತ, ಕಿವಿಯಿಂದಲೇ ಅಡುಗೆ ಮಾಡುವ ಈ ವಿದ್ಯೆಯನ್ನು ಯಾವ ಎಂಜಿನಿಯರೂ ಕಲಿಸಲಿಲ್ಲ. ಹೆಚ್ಚಾದ ಆವಿ ಹೋಗಲೆಂದು ಇಟ್ಟ ತೂಕವನ್ನು ನಾವು ಗಂಟೆಯಾಗಿ ಮಾಡಿಕೊಂಡೆವು. ಒಂದು ವಸ್ತುವನ್ನು ಬಳಸುವವರು ಎಷ್ಟು ಬುದ್ಧಿವಂತರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ರುಬ್ಬುವುದರ ಕಥೆಯೂ ಹೀಗೆಯೇ. ಒರಳುಕಲ್ಲಿನ ಮುಂದೆ ಕೂತು ದೋಸೆಹಿಟ್ಟು ರುಬ್ಬಿದ ತೋಳುಗಳಿಗೆ ಆ ಭಾರ ಗೊತ್ತು. ಕೊಯಮತ್ತೂರಿನಲ್ಲಿ 1955ರಲ್ಲಿ ಪಿ. ಸಭಾಪತಿ ಎಂಬವರು ವಿದ್ಯುತ್ತಿನಿಂದ ನಡೆಯುವ ಗ್ರೈಂಡರ್ ಮಾಡಿದರು. ಇದರ ಉಪಾಯ ಸೊಗಸಾಗಿದೆ. ಮನೆಯ ಒರಳಿನಲ್ಲಿ ಕಲ್ಲು ನಿಂತಿರುತ್ತದೆ, ಗುಂಡು ತಿರುಗುತ್ತದೆ. ಗ್ರೈಂಡರಿನಲ್ಲಿ ಗುಂಡು ನಿಲ್ಲುತ್ತದೆ, ಒರಳೇ ತಿರುಗುತ್ತದೆ. ಆದರೆ ರುಬ್ಬುವ ಕಷ್ಟ ತಪ್ಪಿದರೂ ಹಿಟ್ಟು ತೆಗೆಯುವ ಕಷ್ಟ ಉಳಿಯಿತು. ಆ ಗುಂಡನ್ನು ಎತ್ತಿ ಇಳಿಸಿ, ಆಳದ ಒರಳಿಗೆ ಕೈ ಹಾಕಿ ಹಿಟ್ಟು ಬಳಿದು, ಮತ್ತೆ ಅಲ್ಲೇ ನೀರು ಹಾಕಿ ತೊಳೆದು ಅದನ್ನೂ ಬಳಿದು ತೆಗೆಯಬೇಕು. ಒರಳನ್ನು ಬಗ್ಗಿಸಿ ಹಿಟ್ಟು ಸುರಿಯುವ ಗ್ರೈಂಡರ್, ಎತ್ತಿ ಸಿಂಕಿನಲ್ಲಿ ತೊಳೆಯಬಹುದಾದ ಸಣ್ಣ ಗ್ರೈಂಡರ್ ಬರುವವರೆಗೆ ಕಾಯಬೇಕಾಯಿತು. ಮಾಡುವವರ ಕಣ್ಣು ರುಬ್ಬುವುದರ ಮೇಲಿತ್ತು. ತೊಳೆಯುವುದೂ ಕೆಲಸವೇ ಎಂದು ತೊಳೆಯುವವರಿಗೆ ಮಾತ್ರ ಗೊತ್ತು.

ಮಿಕ್ಸಿ ಬಂದದ್ದು ಒಂದು ಮನೆಯ ಜಗಳದಿಂದ ಎನ್ನಬಹುದು. ಮುಂಬೈಯಲ್ಲಿ ಎಂಜಿನಿಯರಾಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಒಂದು ಜರ್ಮನ್ ಮಿಕ್ಸರ್ ಇತ್ತು. ನಮ್ಮ ಮಸಾಲೆ ರುಬ್ಬಿ ರುಬ್ಬಿ ಅದರ ಮೋಟಾರು ಸುಟ್ಟುಹೋಯಿತು. ಹೆಂಡತಿ ಮಾಧುರಿ ಹಾಗಾದರೆ ನೀವೇ ಒಂದು ಮಾಡಿಕೊಡಿ ಎಂದರು. ಹಣ್ಣು, ಹಾಲು, ಸೂಪು ಎಂದುಕೊಂಡು ಮಾಡಿದ ಯಂತ್ರ ಒಣ ಅರಿಸಿನದ ಕೊಂಬಿಗೆ, ನೆನೆಸಿದ ಉದ್ದಿಗೆ ಹೇಗೆ ತಡೆದೀತು? 1960ರ ದಶಕದಲ್ಲಿ ಅವರು ಹೆಚ್ಚು ಶಕ್ತಿಯ ಮೋಟಾರು, ನಮ್ಮ ಅಡುಗೆಗೆ ತಕ್ಕ ಅಲಗುಗಳನ್ನಿಟ್ಟು ಮಾಡಿದ ಸುಮೀತ್ ಮಿಕ್ಸಿ ಎಷ್ಟೋ ಮನೆಗಳ ಗೋಡೆಯ ಗೂಡಿನಲ್ಲಿ ದೇವರಂತೆ ಕೂತಿತ್ತು.

ಇಂಥದೇ ಕಥೆ ಜಪಾನಿನಲ್ಲಿ ನಡೆದಿತ್ತು. ಅನ್ನ ತಾನೇ ಆಗಿ, ತಾನೇ ಆರುವ ವಿದ್ಯುತ್ ಪಾತ್ರೆ ಮಾಡಲು ತೋಷಿಬಾ ಕಂಪನಿ ಯೊಷಿತಾದಾ ಮಿನಾಮಿ ಎಂಬ ಸಣ್ಣ ಕಾರ್ಖಾನೆಯವರಿಗೆ ಒಪ್ಪಿಸಿತು. ಅನ್ನ ಬೇಯುವುದು ಹೇಗೆಂದು ಆತನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೆಂಡತಿ ಫುಮಿಕೊಗೆ. ಆಕೆ ದಿನವೂ ಮತ್ತೆ ಮತ್ತೆ ಅನ್ನ ಮಾಡಿ, ಶಾಖ ಅಳೆದು, ಎಷ್ಟು ಹೊತ್ತಿಗೆ ಹದವಾಗುತ್ತದೆಂದು ಬರೆದಿಟ್ಟಳು. ಹೊರಪಾತ್ರೆಗೆ ಸ್ವಲ್ಪ ನೀರು, ಒಳಪಾತ್ರೆಗೆ ಅಕ್ಕಿ. ಹೊರಗಿನ ನೀರು ಸುಮಾರು ಇಪ್ಪತ್ತು ನಿಮಿಷದಲ್ಲಿ ಇಂಗಿದ ಕೂಡಲೇ ಶಾಖ ಏರಿ ಸ್ವಿಚ್ಚು ತಾನೇ ಆರುತ್ತದೆ. 1955ರ ಕೊನೆಯಲ್ಲಿ ಅದು ಅಂಗಡಿಗೆ ಬಂತು. ಬೆಳಗಿನ ಜಾವ ಎದ್ದು ಒಲೆಯ ಮುಂದೆ ಕಾಯುತ್ತಿದ್ದ ಜಪಾನಿನ ಹೆಂಗಸರಿಗೆ ಒಂದು ಗಂಟೆ ಹೆಚ್ಚಿಗೆ ಮಲಗಲು ಸಿಕ್ಕಿತು.

ಮೂರನೆಯದು ಅಮೆರಿಕದ್ದು. ಬೆಟ್ಸಿ ಫಾರ್ಬರ್ ಎಂಬಾಕೆಗೆ ಕೈಗಂಟುಗಳ ನೋವು. ತರಕಾರಿ ಸಿಪ್ಪೆ ಹೆರೆಯುವ ತೆಳ್ಳಗಿನ ತಗಡಿನ ಹೆರೆಮಣಿ ಅಂಗೈಗೆ ಒತ್ತುತ್ತಿತ್ತು. ಗಂಡ ಸ್ಯಾಮ್ ಫಾರ್ಬರ್ ಅಡುಗೆ ಸಾಮಾನಿನ ವ್ಯಾಪಾರಿ. 1990ರಲ್ಲಿ ಅವರು ದಪ್ಪ, ಮೆತ್ತನೆಯ ರಬ್ಬರ್ ಹಿಡಿಯ ಸಾಮಾನುಗಳನ್ನು ಆಕ್ಸೊ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಕೈ ನೋಯುವವರಿಗೆಂದು ಮಾಡಿದ ಹಿಡಿ ಕೈ ನೋಯದವರಿಗೂ ಹಿತವಾಯಿತು, ಲೋಕವೆಲ್ಲ ಕೊಂಡಿತು. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಅದನ್ನು ತನ್ನ ಸಂಗ್ರಹಕ್ಕೂ ಸೇರಿಸಿಕೊಂಡಿತು.

ಮೂರೂ ಕಥೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಮೂರರಲ್ಲೂ ಹೆಂಡತಿ ಅಡುಗೆಮನೆಯಲ್ಲಿದ್ದಾಳೆ, ಗಂಡ ಕಾರ್ಖಾನೆಯಲ್ಲಿ. ಮೂರರಲ್ಲೂ ಕೆಲಸದ ಗುಟ್ಟು ತಿಳಿದವಳು ಆಕೆ. ಒಳ್ಳೆಯ ಗಂಡಂದಿರೇ, ಹೆಂಡತಿಯ ಮಾತು ಕಿವಿಗೆ ಹಾಕಿಕೊಂಡರು, ಅದಕ್ಕೆ ಕೃತಜ್ಞತೆ ಇರಲಿ. ಆದರೆ ಕಥೆ ಹೇಳುವಾಗ ಆಕೆ ಕೈನೋವಿನ ಹೆಂಡತಿಯಾಗಿಯೋ, ಅನ್ನ ಬೇಯಿಸಿಕೊಟ್ಟ ಹೆಂಡತಿಯಾಗಿಯೋ ಉಳಿದುಬಿಡುತ್ತಾಳೆ. ಹಿಡಿಯ ಯೋಚನೆಯಲ್ಲಿ ತನ್ನದೂ ಪಾಲಿತ್ತೆಂದು ಬೆಟ್ಸಿ ಫಾರ್ಬರ್ ಮುಂದೆ ತಾನೇ ಹೇಳಿಕೊಳ್ಳಬೇಕಾಯಿತು. ಇನ್ನೊಂದು ಸಂಗತಿಯನ್ನೂ ಯೋಚಿಸಿ. ಒಂದು ಒಳ್ಳೆಯ ವಸ್ತು ಲೋಕಕ್ಕೆ ಬರಲು ತಯಾರಕನ ಮನೆಯಲ್ಲಿ ಬಾಯಿಬಿಟ್ಟು ದೂರುವ ಹೆಂಡತಿಯೂ ಅದನ್ನು ಕೇಳುವ ಗಂಡನೂ ಇರಬೇಕೆಂದರೆ, ಅದು ಅದೃಷ್ಟದ ಮಾತಾಯಿತು. ಹಾಗೆ ಕೂಡಿಬರದ ಕಡೆ ಎಷ್ಟು ವಸ್ತುಗಳು ಕೆಟ್ಟದಾಗಿಯೇ ಉಳಿದಿರಬಹುದು?

ಹೆಂಗಸೇ ಮಾಡಿದ ವಸ್ತುಗಳೂ ಇವೆ. ಜರ್ಮನಿಯ ಡ್ರೆಸ್ಡೆನ್ ಊರಿನ ಮೆಲಿಟಾ ಬೆಂಟ್ಸ್‌ಗೆ ಕಾಫಿಯ ಚರಟ ಬಾಯಿಗೆ ಸಿಗುವುದು ಸೇರುತ್ತಿರಲಿಲ್ಲ. ಆಕೆ ಒಂದು ಪಾತ್ರೆಯ ತಳಕ್ಕೆ ತೂತು ಹೊಡೆದು, ಮಗನ ನೋಟುಪುಸ್ತಕದ ಒತ್ತುಕಾಗದವನ್ನು ಹಾಸಿ, ಕಾಫಿ ಸೋಸಿದಳು. 1908ರಲ್ಲಿ ಆಕೆಯ ಹೆಸರಿಗೇ ಅದರ ಹಕ್ಕು ದಾಖಲಾಯಿತು, ಆಕೆಯ ಹೆಸರಿನ ಕಂಪನಿ ಇಂದಿಗೂ ಇದೆ. ಬಳಸುವವಳು, ಮಾಡುವವಳು, ಹೆಸರು ಪಡೆದವಳು ಮೂವರೂ ಇಲ್ಲಿ ಒಬ್ಬಳೇ.

ಹಾಗೆಂದು ಹೆಂಗಸಾದ ಮಾತ್ರಕ್ಕೆ ಎಲ್ಲವೂ ತಿಳಿದಿರುತ್ತದೆ ಎಂದೂ ಅಲ್ಲ. ಇವತ್ತಿನ 'ಮಾಡ್ಯುಲರ್ ಕಿಚನ್'ಗಳ ಅಜ್ಜಿ ಎನ್ನಿಸಿಕೊಂಡದ್ದು 1926ರ ಫ್ರಾಂಕ್‌ಫರ್ಟ್ ಅಡುಗೆಮನೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೊಟ್ಸ್‌ಕಿ ಅದನ್ನು ರೂಪಿಸಿದರು. ಆರಡಿ ಅಗಲ, ಹನ್ನೊಂದಡಿ ಉದ್ದದ ಜಾಗದಲ್ಲಿ ಎಲ್ಲವೂ ಕೈಗೆಟಕುವಂತೆ, ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಿ ಜೋಡಿಸಿದ್ದರು. ಹಿಟ್ಟಿಗೆ ಹುಳು ಬಾರದಿರಲೆಂದು ಓಕ್ ಮರದ ಪೆಟ್ಟಿಗೆ ಇಟ್ಟಿದ್ದರು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಅಳವಡಿಸಿದರು. ಆದರೆ ಇದನ್ನು ಮಾಡುವ ಮುಂಚೆ ತಾನು ಮನೆ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲ ಎಂದು ಆಕೆಯೇ ಮುಂದೆ ಹೇಳಿದರು. ಬಳಸಿದವರು ಕಂಡ ಕೊರತೆ ಏನೆಂದರೆ, ಅಲ್ಲಿ ಒಬ್ಬಳಿಗೆ ಮಾತ್ರ ಜಾಗವಿತ್ತು. ಅತ್ತೆ ಸೊಸೆ ಕೂಡಿ ಮಾಡಲು, ಮಗು ಪಕ್ಕದಲ್ಲಿ ಆಡಲು, ಗಂಡ ಬಂದು ಕೈಜೋಡಿಸಲು ಅಲ್ಲಿ ಸ್ಥಳವಿರಲಿಲ್ಲ. ಹೆಜ್ಜೆಗಳು ಉಳಿದವು, ಆದರೆ ಮಾಡುವವಳು ಒಂಟಿಯಾದಳು. ನಮ್ಮ ಪಟ್ಟಣಗಳ ಹೊಸ ಫ್ಲಾಟುಗಳ ಅಡುಗೆಮನೆಗೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹಬ್ಬದ ದಿನ ಇಬ್ಬರು ನಿಂತರೆ ಮೂರನೆಯವಳು ಬಾಗಿಲಲ್ಲೇ ನಿಂತು ಮಾತಾಡಬೇಕು.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ಮೆಟ್ಟುಗತ್ತಿಯನ್ನೇ ತೆಗೆದುಕೊಳ್ಳಿ, ನಿಮ್ಮಲ್ಲಿ ಈಳಿಗೆಮಣೆ ಎನ್ನುತ್ತೀರೇನೋ. ಕಾಲಿನಿಂದ ಒತ್ತಿ ಹಿಡಿದರೆ ಎರಡೂ ಕೈ ತೆರವು. ಹಲಸಿನಕಾಯಿಯಂಥ ಗಟ್ಟಿ ಕಾಯನ್ನೂ ಎರಡು ಕೈಯ ಬಲದಿಂದ ಅಲಗಿನ ಮೇಲೆ ಒತ್ತಬಹುದು. ಬಳಸುವವರ ಮೈಯನ್ನು ತಿಳಿದು ಮಾಡಿದ ವಸ್ತು ಅದು. ಆದರೆ ಮಂಡಿನೋವಿನ ಹೆಂಗಸಿಗೆ ಅದೇ ಶಿಕ್ಷೆ, ತೆವಳುವ ಮಗುವಿರುವ ಮನೆಯಲ್ಲಿ ಅದೇ ಭಯ. ಹೊಗೆಯ ಒಲೆಯನ್ನು ಹೊಗಳುವವರು ಅದರ ಮುಂದೆ ಕೂತವರಲ್ಲ.

ಒಲೆಯ ವಿಚಾರದಲ್ಲಿ ನಮ್ಮ ನಾಡಿನಲ್ಲೇ ನಡೆದ ಒಂದು ಒಳ್ಳೆಯ ಪ್ರಯತ್ನವನ್ನು ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಜನ ಸೌದೆಗೆ, ನೀರಿಗೆ, ಅಡುಗೆಗೆ ಎಷ್ಟು ಹೊತ್ತು ಕಳೆಯುತ್ತಾರೆಂದು ಲೆಕ್ಕ ಹಾಕಿದ್ದು. ಆಮೇಲೆ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆಗೆ ಒಂದೇ ಉರಿ, ಹೊಗೆ ಹೋಗಲು ಕೊಳವೆ, ಕಡಿಮೆ ಸೌದೆ. ಪ್ರಯೋಗಶಾಲೆಯಿಂದ ಹೊರಬಂದು ಹಳ್ಳಿಯ ಅಡುಗೆಮನೆ ಹೊಕ್ಕ ವಿಜ್ಞಾನ ಅದು.

ಇದೇ ಹೊತ್ತಿಗೆ, 1983ರಲ್ಲಿ, ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಯೋಜನೆ ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಿದ್ದರು. ಅವುಗಳಲ್ಲಿ ಬಹಳಷ್ಟು ಬಳಕೆಯಿಂದ ಬಿದ್ದುಹೋದವು. ಕಟ್ಟಿದ ಒಲೆಗಳ ಸಂಖ್ಯೆ ಬರೆದುಕೊಂಡಷ್ಟು ಶ್ರದ್ಧೆಯಿಂದ ಉರಿಯುತ್ತಿರುವ ಒಲೆಗಳನ್ನು ನೋಡಿಕೊಳ್ಳಲಿಲ್ಲ. ನಮ್ಮ ನೆಂಟರ ಹಳ್ಳಿಯಲ್ಲಿ ಯಾವುದೋ ಯೋಜನೆಯಲ್ಲಿ ಕಟ್ಟಿಕೊಟ್ಟ ಒಂದು ಹೊಗೆಯಿಲ್ಲದ ಒಲೆ ಇತ್ತು. ಅದರ ಬಾಯಿಗೆ ಸಣ್ಣಗೆ ಸೀಳಿದ ಸೌದೆಯೇ ಬೇಕು. ಸೌದೆ ಸೀಳುವವರು ಯಾರು? ಮುದ್ದೆ ತಿರುವಲು ಪಾತ್ರೆ ಕದಲದಂತೆ ಕೂರಬೇಕು, ಅವರ ಪಾತ್ರೆಯ ತಳಕ್ಕೂ ಒಲೆಯ ತೂತಿಗೂ ಹೊಂದಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿದರೆ ಮಾಡು ಹತ್ತಿ ತೆಗೆಯಬೇಕು. ಎರಡು ವರ್ಷಕ್ಕೆ ಅದರ ಮೇಲೆ ಉಪ್ಪಿನ ಭರಣಿ ಕೂತಿತ್ತು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಬಂದ ಅಧಿಕಾರಿಗಳು 'ಇವರಿಗೆ ತಿಳಿವಳಿಕೆ ಸಾಲದು' ಎಂದು ಹೇಳಿ ಹೋದರಂತೆ. ಮತ್ತೆ ಅದೇ ಮಾತು, ತಪ್ಪು ಬಳಸುವವಳದ್ದು.

ಬಳಸುವವರನ್ನು ಕೇಳಿದರೆ ಸಾಕೇ? ಕೇಳಿದರೂ ಸಾಲದು ಎನ್ನಲು ಒಂದು ಉದಾಹರಣೆಯಿದೆ. ಅದೇ ಆಕ್ಸೊ ಕಂಪನಿಯವರು ಅಳತೆಯ ಲೋಟದಲ್ಲಿ ಏನು ತೊಂದರೆ ಎಂದು ಜನರನ್ನು ಕೇಳಿದರು. ಬಿದ್ದರೆ ಒಡೆಯುತ್ತದೆ, ಜಾರುತ್ತದೆ, ಬಿಸಿಯಾಗುತ್ತದೆ ಎಂದರು ಜನ. ಆಮೇಲೆ ಅವರು ಬಳಸುವುದನ್ನು ಸುಮ್ಮನೆ ನಿಂತು ನೋಡಿದಾಗ ಬೇರೆಯೇ ಕಂಡಿತು. ನೀರು ಹಾಕುತ್ತಾರೆ, ಗೆರೆ ನೋಡಲು ಬಗ್ಗುತ್ತಾರೆ, ಏಳುತ್ತಾರೆ, ಮತ್ತೆ ಹಾಕುತ್ತಾರೆ, ಮತ್ತೆ ಬಗ್ಗುತ್ತಾರೆ. ಬಗ್ಗುವುದನ್ನು ಒಬ್ಬರೂ ತೊಂದರೆ ಎಂದು ಹೇಳಿರಲಿಲ್ಲ, ಅದು ಅವರಿಗೆ ತೊಂದರೆಯಾಗಿ ಕಂಡೇ ಇರಲಿಲ್ಲ. ಮೇಲಿನಿಂದಲೇ ಕಾಣುವಂತೆ ಓರೆಯಾಗಿ ಗೆರೆ ಹಾಕಿದ ಲೋಟ ಹುಟ್ಟಿದ್ದು ಹಾಗೆ. ನಾವು ಕೂಡ ಎಷ್ಟೋ ನೋವುಗಳನ್ನು ಹೀಗೆ ಲೆಕ್ಕಕ್ಕೇ ಹಿಡಿಯದೆ ಬಿಟ್ಟಿದ್ದೇವೆ. ಗ್ಯಾಸ್ ಸಿಲಿಂಡರು ಮನೆಗೆ ಬಂದು ಎಷ್ಟು ದಶಕವಾಯಿತು? 14.2 ಕಿಲೋ ಗ್ಯಾಸು, ಅದರ ಕಬ್ಬಿಣವೂ ಸುಮಾರು ಅಷ್ಟೇ ಭಾರ. ಒಳಗೆ ಎಷ್ಟು ಉಳಿದಿದೆ ಎಂದು ಅದು ಹೇಳುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲಿಯವರೆಗೆ ಬೇಗ ಆರುತ್ತದೆಂದು ನೋಡಿ ಊಹಿಸುವ ಉಪಾಯವನ್ನು ಹೆಂಗಸರೇ ಕಂಡುಕೊಂಡರು. ಒಳಗಿನ ಮಟ್ಟ ಹೊರಗೆ ಕಾಣುವ ಹಗುರ ಸಿಲಿಂಡರನ್ನು ಇಂಡೇನ್ ಹೊರತಂದದ್ದು 2021ರಲ್ಲಿ.

ಈಗಿನ ವಸ್ತುಗಳು ಬುದ್ಧಿವಂತವಾಗಿವೆ, ಆದರೆ ನಮ್ಮ ಕಡೆ ನೋಡುವುದು ಕಲಿತಿಲ್ಲ. ನುಣುಪು ಗಾಜಿನ ಇಂಡಕ್ಷನ್ ಒಲೆಯ ಗುಂಡಿಗೆ ಒದ್ದೆ ಬೆರಳು ಸರಿಯಾಗಿ ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ಒಣಗಿದ ಬೆರಳು ಎಲ್ಲಿಂದ ತರುವುದು? ಉಬ್ಬು ತಗ್ಗಿಲ್ಲದ ಆ ಫಲಕವನ್ನು ಕಣ್ಣು ಕಾಣದವರು ಮುಟ್ಟಿ ತಿಳಿಯುವಂತಿಲ್ಲ. ವಾಷಿಂಗ್ ಮೆಷೀನಿನ ಮೇಲೆ ಇಪ್ಪತ್ತು ಇಂಗ್ಲಿಷ್ ಪದಗಳಿರುತ್ತವೆ, ಕನ್ನಡದ ಒಂದು ಪದವಿರುವುದು ಅಪರೂಪ. ನಮ್ಮ ಮನೆಗಳಲ್ಲಿ ಒಂದೇ ಗುಂಡಿಗೆ ಕುಂಕುಮದ ಬೊಟ್ಟಿಟ್ಟು 'ಇದನ್ನೊಂದು ಒತ್ತು ಸಾಕು' ಎಂದು ಹೇಳಿಕೊಡುತ್ತೇವೆ. 2016ರ ಉಜ್ವಲ ಯೋಜನೆಯಲ್ಲಿ ಗ್ಯಾಸಿನ ಸಂಪರ್ಕ ಹೆಂಗಸರ ಹೆಸರಿಗೇ ಬಂತು, ಒಳ್ಳೆಯದಾಯಿತು. ಆದರೆ ಸಿಲಿಂಡರು ಬಾಗಿಲಿಗೆ ಬಂದಾಗ ಫೋನಿಗೆ ಬಂದ ಅಂಕಿಗಳನ್ನು ಹೇಳಬೇಕು. ಮನೆಗೆ ಒಂದೇ ಫೋನು, ಅದು ಗಂಡನ ಜೇಬಿನಲ್ಲಿ ಊರಾಚೆ ಇದ್ದರೆ? ಮನೆಯಲ್ಲಿ ಫೋನು ಯಾರ ಕೈಯಲ್ಲಿರುತ್ತದೆ ಎಂದು ಒಮ್ಮೆ ನೋಡಿದ್ದರೆ ಈ ತೊಡಕು ಮೊದಲೇ ಕಾಣುತ್ತಿತ್ತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎನ್ನುವವರಿದ್ದಾರೆ. ಹಿಡಿಯೊಂದು, ಸೀಳೊಂದು, ಗೆರೆಯೊಂದು ಸಣ್ಣದೇ. ಆದರೆ ದಿನಕ್ಕೆ ಮೂರು ಹೊತ್ತಿನಂತೆ ನಲವತ್ತು ವರ್ಷ ಗುಣಿಸಿ ನೋಡಿ. ಬೆನ್ನು, ಮಂಡಿ, ಮಣಿಕಟ್ಟು, ಶ್ವಾಸ ಎಲ್ಲವೂ ಆ ಲೆಕ್ಕದಲ್ಲಿವೆ. ನಮ್ಮ ಪಕ್ಕದ ಮನೆಯವರ ತೋಳಿನ ಕಲೆ ಇನ್ನೂ ಹೋಗಿಲ್ಲ.

ಆದ್ದರಿಂದ ಅಡುಗೆಮನೆಯ ವಿಮರ್ಶೆಯನ್ನು ನಾವೇ ಶುರುಮಾಡಬೇಕು. ಅಂಗಡಿಗೆ ಬಳಸುವವರೇ ಹೋಗಬೇಕು. ಪಾತ್ರೆಗೆ ನೀರು ತುಂಬಿಸಿಕೊಡಿ ಎಂದು ಕೇಳಿ, ಎತ್ತಿ ನೋಡಬೇಕು. ಮುಚ್ಚಳವನ್ನು ಅಲ್ಲೇ ನಾಲ್ಕು ಸಲ ಹಾಕಿ ತೆಗೆಯಬೇಕು. ಹಿಟ್ಟು ಸಿಕ್ಕಿಕೊಳ್ಳುವ ಸಂದು ಎಲ್ಲಿದೆ, ಅದಕ್ಕೆ ಬೆರಳು ಹೋಗುತ್ತದೆಯೇ ಎಂದು ನೋಡಬೇಕು. ಗ್ಯಾಸ್ಕೆಟ್ಟು ಹೋದರೆ ನಮ್ಮೂರಲ್ಲಿ ಅಸಲಿಯದು ಸಿಗುತ್ತದೆಯೇ, ಎಪ್ಪತ್ತರ ಅತ್ತೆಯೂ ಹದಿನಾಲ್ಕರ ಮಗಳೂ ಇದನ್ನು ಹೆದರದೆ ಬಳಸಬಹುದೇ ಎಂದು ಕೇಳಬೇಕು. ಅಂಗಡಿಯಾತ ಬೇಸರಪಟ್ಟರೆ ಪಡಲಿ, ಸೀರೆಯಂಗಡಿಯಲ್ಲಿ ನಾವು ಐವತ್ತು ಸೀರೆ ಬಿಡಿಸಿ ಹಾಕಿಸಿದಾಗ ಅವರು ಸಹಿಸುವುದಿಲ್ಲವೇ? ತೊಂದರೆಯಾದರೆ ಕಂಪನಿಗೆ ಬರೆಯಬೇಕು, ಸ್ಪಷ್ಟವಾಗಿ, ಯಾವ ಭಾಗ ಹೇಗೆ ಕೈಕೊಟ್ಟಿತೆಂದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ವಿನ್ಯಾಸದ ದೋಷದಿಂದ ಹಾನಿಯಾದರೆ ತಯಾರಕರು ಹೊಣೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಎಲ್ಲಕ್ಕಿಂತ ಮೊದಲು ನಮ್ಮ ಹೆಣ್ಣುಮಕ್ಕಳಿಗೆ ಒಂದು ಅಭ್ಯಾಸ ಕಲಿಸಬೇಕು. ಹಾಲಿನ ಪಾತ್ರೆ ಕೈಜಾರಿ ಬಿದ್ದಾಗ 'ನೋಡಿಕೊಂಡು ಹಿಡಿಯಬಾರದಾ' ಎಂದು ಗದರುವ ಮುಂಚೆ, ನೆಲ ಒರೆಸಿ, ಆ ಇಕ್ಕಳವನ್ನು ಇಬ್ಬರೂ ಕೂತು ಬೆಳಕಿಗೆ ಹಿಡಿದು ನೋಡೋಣ. ಅದರ ಹಲ್ಲು ಸವೆದಿದೆಯೋ, ಅದರ ಬಾಯಿ ಆ ಪಾತ್ರೆಯ ಅಂಚಿಗೆ ಸಾಲದೋ ಎಂದು ಅವಳೇ ಹೇಳಲಿ. ನಾಳೆ ಅವಳು ಎಂಜಿನಿಯರ್ ಆಗಬಹುದು, ಆಗದೆಯೂ ಇರಬಹುದು. ಕೈಗೆ ನೋವಾದಾಗ ವಸ್ತುವನ್ನು ಪ್ರಶ್ನಿಸುವುದನ್ನಂತೂ ಕಲಿತಿರುತ್ತಾಳೆ.